ಅವ್ವ ಇಲ್ಲಿ, ಅಪ್ಪ ಅಲ್ಲೆಲ್ಲೋ

ಮೊನ್ನೆ ಶನಿವಾರ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪಕ್ಕದ ವಾಸಾಚ್ ಬೆಟ್ಟದ ಕಾಲುದಾರಿ. ಹಿಮ ಕರಗಿರಲಿಲ್ಲ. ಗ್ಯಾಂಬೆಲ್ ಎಂಬ ಜಾತಿಯ ಓಕ್ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ನಡುವೆ ಒಂದು ಪೊದೆಯಲ್ಲಿ ಮಾತ್ರ ಹಸಿರು ಎಲೆ ಉಳಿದಿತ್ತು. "ಇದರ ಅಮ್ಮ ಈ ಗ್ಯಾಂಬೆಲ್, ಅಪ್ಪ ಟರ್ಬಿನೆಲ್ಲಾ ಓಕ್. ಆ ಜಾತಿ ಈಗಿರೋದು ದಕ್ಷಿಣಕ್ಕೆ, ಸೇಂಟ್ ಜಾರ್ಜ್ ಕಡೆ" ಎಂದು ಗುಂಪಿನ ಮುಂದಿದ್ದವರು ವಿವರಿಸಿದರು. ಸೇಂಟ್ ಜಾರ್ಜ್ ಅಂದರೆ ಕಾರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚಿನ ದಾರಿ. ಮಗನ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಅಮ್ಮ ಒಬ್ಬರು ನಿಂತೇಬಿಟ್ಟರು.

"ಅಲ್ಲಪ್ಪಾ, ಅವ್ವ ಒಂದೂರಾಗೆ, ಅಪ್ಪ ಒಂದೂರಾಗೆ. ಮಗು ಹೆಂಗಾತು?"

"ಗಾಳೀಲಿ ಪರಾಗ ಬಂದಿರುತ್ತೆ ಬಿಡಮ್ಮ" ಎಂದ ಮಗ, ಫೋನಿನಿಂದ ತಲೆಯೆತ್ತದೆ. ಎಲ್ಲರೂ ನಕ್ಕು ಮುಂದೆ ನಡೆದರು. ಆ ಪ್ರಶ್ನೆಯನ್ನು ಅಷ್ಟಕ್ಕೇ ಬಿಡಬಾರದಿತ್ತು.

ಮಗನ ಉತ್ತರ ಪೂರ್ತಿ ಪೆದ್ದಲ್ಲ. ಓಕ್‌ಗೆ ಪರಾಗ ತಲುಪಿಸುವುದು ಗಾಳಿಯೇ. ಆದರೆ ಗಾಳಿ ಇಂದಿಗೂ ಈ ಕೆಲಸ ಮಾಡುತ್ತಿದ್ದರೆ ಎಲ್ಲ ವಯಸ್ಸಿನ ಮಿಶ್ರ ಗಿಡಗಳೂ ಕಾಣಬೇಕಿತ್ತು. ಸಿಗುವುದು ಮಾತ್ರ ಅಲ್ಲೊಂದು ಇಲ್ಲೊಂದು ಅಗಲವಾಗಿ ಹಬ್ಬಿದ ಹಳೆಯ ಪೊದೆ. ವಾಲ್ಟರ್ ಕಾಟಮ್, ಜಾನ್ ಟಕರ್, ರೂಡಿ ಡ್ರಾಬ್ನಿಕ್ ಎಂಬ ಸಂಶೋಧಕರು 1959ರಲ್ಲಿ ಬೇರೊಂದು ಉತ್ತರ ಕೊಟ್ಟರು. ಹಿಮಯುಗ ಮುಗಿದ ಮೇಲೆ ಬಂದ ಬೆಚ್ಚಗಿನ ಕಾಲದಲ್ಲಿ ಟರ್ಬಿನೆಲ್ಲಾ ಇಲ್ಲಿಯವರೆಗೂ ಬಂದಿತ್ತು, ಚಳಿ ಮರಳಿದಾಗ ಅಳಿಯಿತು, ಅದರ ಮಕ್ಕಳು ಉಳಿದರು. ಓಕ್ ಬುಡದಿಂದ, ಬೇರಿನಿಂದ ಚಿಗುರುತ್ತದೆ. ಕಾಂಡ ಸತ್ತರೂ ಅದೇ ಗಿಡ ಮತ್ತೆ ಏಳುತ್ತದೆ.

ಆದರೆ ಈ ವಾದವೆಲ್ಲ ಒಂದೇ ಗೂಟಕ್ಕೆ ಕಟ್ಟಿದೆ: ಪೊದೆ ಮೊದಲ ಪೀಳಿಗೆಯದ್ದೇ, ಅಂದರೆ ಎರಡು ಶುದ್ಧ ಜಾತಿಗಳು ಕೂಡಿ ನೇರವಾಗಿ ಹುಟ್ಟಿದ್ದೇ? ಹೌದಾದರೆ ಆ ಬೇರು ಅಪ್ಪ-ಅವ್ವನ ಕಾಲದ್ದೇ. ಮಿಶ್ರ ಗಿಡಗಳೇ ತಮ್ಮಲ್ಲಿ ಕೂಡಿ ಹುಟ್ಟಿದ ಎರಡನೆಯ ಪೀಳಿಗೆಯದ್ದಾದರೆ, ಇಲ್ಲವೇ ಗ್ಯಾಂಬೆಲ್ ಜೊತೆ ಮತ್ತೆ ಕೂಡಿ ಹುಟ್ಟಿದ್ದಾದರೆ (ಇದು ಮರುಸಂಕರ), ಅದು ಬರೀ ನೂರು ವರ್ಷದ್ದೂ ಇರಬಹುದು. "ಮಿಶ್ರತಳಿ" ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವವರ ಮೇಲೆ ಸಿಟ್ಟು ಬರುವುದು ಇದಕ್ಕೇ.

ಎಲೆಯಿಂದ ಶುರು ಮಾಡಬೇಕು. ಬಿಸಿಲು ಬೀಳುವ ಹೊರಕೊಂಬೆಯಿಂದ, ಚಿಗುರಿನ ನಡುಭಾಗದ ಹತ್ತು ಎಲೆ ಸಾಕು. ನೆರಳಿನ ಎಲೆ ಅಗಲವಾಗುತ್ತದೆ. ಕಡಿದ ಬುಡದ ಹೊಸ ಚಿಗುರಿನ ಎಲೆಯಂತೂ ಎರಡೂ ಜಾತಿಯಲ್ಲಿ ವಿಚಿತ್ರವಾಗಿರುತ್ತದೆ, ಅದು ಬೇಡ. ಗ್ಯಾಂಬೆಲ್ ಎಲೆಯ ಅಂಚಿನ ಸೀಳು ಆಳ, ತುದಿ ದುಂಡು. ಟರ್ಬಿನೆಲ್ಲಾ ಎಲೆ ಚಿಕ್ಕದು, ಒರಟು, ಅಂಚಿಗೆ ಮುಳ್ಳು. ಸೀಳಿನ ಆಳವನ್ನು ಎಲೆಯ ಅರ್ಧ ಅಗಲದಿಂದ ಭಾಗಿಸಿ, ಮುಳ್ಳು ಎಣಿಸಿ, ಕೆಳಮೈಯ ರೋಮ ನೋಡಿ ಅಂಕ ಕೊಡಬಹುದು. ಅಂಕ ನಡುವೆ ಬಂದರೆ ಮಿಶ್ರವೆಂಬ ಅನುಮಾನ ಗಟ್ಟಿಯಾಗುತ್ತದೆ. ಪೀಳಿಗೆ ಯಾವುದೆಂದು ಎಲೆ ಹೇಳದು.

ಅದಕ್ಕೆ ಡಿಎನ್‌ಎ ಬೇಕು. ಎಳೆ ಎಲೆಯನ್ನು ಕಿತ್ತ ಕೂಡಲೇ ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಬೇಕು. ಓಕ್ ಎಲೆಯಲ್ಲಿ ಒಗರಿನ ಟ್ಯಾನಿನ್ ಜಾಸ್ತಿ. ಅದನ್ನು ಹಿಡಿದಿಡುವ ಪಿವಿಪಿ ಪುಡಿ ಹಾಕದೆ ಅರೆದರೆ ದ್ರಾವಣ ಕಂದುಬಣ್ಣಕ್ಕೆ ತಿರುಗಿ, ಡಿಎನ್‌ಎ ತುಣುಕನ್ನು ಹೆಚ್ಚಿಸುವ ಪಿಸಿಆರ್ ಕೈಕೊಡುತ್ತದೆ. ಇನ್ನೊಂದು ಮಾಮೂಲಿ ತಪ್ಪು, ಒಂದೇ ಪೊದೆಯ ಇಪ್ಪತ್ತು ಕಾಂಡವನ್ನು ಇಪ್ಪತ್ತು ಗಿಡವೆಂದು ಎಣಿಸುವುದು. ಡಿಎನ್‌ಎಯಲ್ಲಿ ಹೋಲಿಸುವ ಜಾಗಗಳು, ಅಂದರೆ ಗುರುತುಗಳು, ಎಲ್ಲವೂ ಒಂದೇ ಆಗಿದ್ದರೆ ಅದು ಒಂದೇ ಜೀವ.

ಹೋಲಿಕೆಗೆ ಬೇಕಾದ ಶುದ್ಧ ಮಾದರಿಗಳನ್ನು ಎರಡೂ ಜಾತಿ ಬೆರೆಯುವ ಗಡಿಯಿಂದ ದೂರ ಹೋಗಿ ತರಬೇಕು. ಗಡಿಯಲ್ಲಿ ತಂದರೆ ಅಳತೆಗೋಲೇ ಸೊಟ್ಟಾಗುತ್ತದೆ. ಮುಂದಿನದು ಬಹಳ ಜನ ಎಡವುವ ಜಾಗ. ಕಂಪ್ಯೂಟರ್ "ಅರ್ಧ ಇದು, ಅರ್ಧ ಅದು" ಎಂದರೆ ಮೊದಲ ಪೀಳಿಗೆಯೆಂದು ಬರೆದುಬಿಡುತ್ತಾರೆ. ಎರಡನೆಯ ಪೀಳಿಗೆಯೂ ಸರಾಸರಿ ಅರ್ಧಕ್ಕರ್ಧವೇ! ನೋಡಬೇಕಾದ್ದು ಬೇರೆ: ಎರಡು ಜಾತಿಗಳನ್ನು ಖಚಿತವಾಗಿ ಬೇರ್ಪಡಿಸುವ ಪ್ರತಿಯೊಂದು ಗುರುತಿನಲ್ಲೂ ಅಪ್ಪನದೊಂದು, ಅವ್ವನದೊಂದು ಪ್ರತಿ ಇದೆಯೇ? ಮೊದಲ ಪೀಳಿಗೆಯಲ್ಲಿ ಎಲ್ಲ ಕಡೆ ಇರಬೇಕು. ಎರಡನೆಯದರಲ್ಲಿ ಸರಾಸರಿ ಅರ್ಧದಷ್ಟು ಕಡೆ ಮಾತ್ರ. ಆದರೆ ಮೈಕ್ರೋಸ್ಯಾಟಲೈಟ್ ಎಂಬ, ಸಣ್ಣ ತುಣುಕು ಮತ್ತೆ ಮತ್ತೆ ಬರುವ ಬಗೆಯ ಗುರುತಿನಲ್ಲಿ ಒಂದು ಪ್ರತಿ ಪಿಸಿಆರ್‌ಗೆ ಸಿಗದೆ ಹೋಗುವುದುಂಟು. ಆಗ ಎರಡಿದ್ದದ್ದು ಒಂದೇ ಎಂದು ಕಾಣುತ್ತದೆ, ಮೊದಲ ಪೀಳಿಗೆ ಮರುಸಂಕರದ ವೇಷ ಹಾಕುತ್ತದೆ. ಒಂದೆರಡು ಗುರುತು ತಪ್ಪಿದರೆ ಗಿಡವನ್ನು ಕೈಬಿಡಬಾರದು. ಬೇರೆ ಪ್ರೈಮರ್ (ಪಿಸಿಆರ್ ಶುರುಮಾಡುವ ಪುಟ್ಟ ಡಿಎನ್‌ಎ ತುಣುಕು) ಹಾಕಿ ಮತ್ತೆ ನೋಡಬೇಕು.

ಕಾಟಮ್ ಕಾಲದಲ್ಲಿ ಈ ಡಿಎನ್‌ಎ ದಾರಿ ಇರಲಿಲ್ಲ. ಅವರು ಎರಡೂ ಜಾತಿಗಳನ್ನು ಕೈಯಾರೆ ಕೂಡಿಸಿ ಸಸಿ ಬೆಳೆಸಿದರು. ಓಕ್‌ನಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಹೆಣ್ಣು ಹೂವಿನ, ಪರಾಗ ಹಿಡಿಯುವ ಶಲಾಕೆ ಹೊರಬರುವ ಮೊದಲೇ ರೆಂಬೆಗೆ ಚೀಲ ಕಟ್ಟಿ, ಒಳಗಿನ ಗಂಡು ಗೊಂಚಲು ಕಿತ್ತು, ಇನ್ನೊಂದು ಜಾತಿಯ ಪರಾಗ ಹಾಕುವ ಕೆಲಸ. ತಾಳ್ಮೆ ಬೇಡುವ, ನಿಧಾನದ ದಾರಿ. ಆದರೂ ಬೆಟ್ಟದ ಪೊದೆಯ ಪಕ್ಕ ಹಿಡಿದು ನೋಡಲು ಅಪ್ಪ-ಅವ್ವ ಗೊತ್ತಿರುವ ಗಿಡವೊಂದು ಕೈಯಲ್ಲಿರುವುದು ಸಣ್ಣ ಮಾತಲ್ಲ.

ಇನ್ನು ಅವ್ವ ಯಾರು ಎಂಬುದು. ಓಕ್‌ನಲ್ಲಿ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಅದರ ಡಿಎನ್‌ಎ ಓದಿದರೆ ಸಾಕು ಎನ್ನಿಸುತ್ತದೆ. ಆದರೆ ಒಂದೇ ಪ್ರದೇಶದ ಓಕ್ ಜಾತಿಗಳು ಹಳೆಯ ಸಂಕರಗಳಿಂದಾಗಿ ಕ್ಲೋರೋಪ್ಲಾಸ್ಟನ್ನೇ ಹಂಚಿಕೊಂಡಿರುವುದು ಸಾಮಾನ್ಯ. ಅಲ್ಲಿ ಈ ಸಾಕ್ಷಿ ನಡೆಯದು. ಶನಿವಾರ ಗ್ಯಾಂಬೆಲ್ಲನ್ನು ಅಮ್ಮ, ಟರ್ಬಿನೆಲ್ಲಾವನ್ನು ಅಪ್ಪ ಎಂದು ಹಂಚಿದ್ದು ಮಾತಿನ ಅನುಕೂಲಕ್ಕೆ, ಅಷ್ಟೆ. ಆ ಅಮ್ಮ ಇನ್ನೊಂದು ನಿಮಿಷ ಅಲ್ಲೇ ನಿಂತಿದ್ದರೆ ಅದನ್ನೂ ಕೇಳಿರುತ್ತಿದ್ದರು.