ಬೈಬಲ್‌ನಲ್ಲಿರೋದನ್ನೆಲ್ಲ ಹಾಗೇ ನಂಬ್ತೀರಾ?

ವಿರಾಜಪೇಟೆಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಅದು ಗೊತ್ತಿರುವವರು ಬಸ್ಸಿನಲ್ಲಿ ಸಿಕ್ಕರೂ ಬಿಡುವುದಿಲ್ಲ, ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. "ಆರು ದಿನದಲ್ಲಿ ಲೋಕ ಆಯ್ತಂತೆ, ನಿಜವಾಗ್ಲೂ ನಂಬ್ತೀರಾ?" ಹೌದು ಅಂದರೆ ನಾನು ಪೆದ್ದಿ. ಇಲ್ಲ ಅಂದರೆ ಕ್ರೈಸ್ತಳೇ ಅಲ್ಲ.

ಜಾಸ್ತಿ ಕೇಳುವವರು ಪಕ್ಕದ ಮನೆಯ ಅಕ್ಕ. ಅವರು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ, ತೀರ್ಥ ತಂದು, "ತಾಯಿ ಬಂದಳು" ಅನ್ನುತ್ತಾರೆ. ನೀರೋ ತಾಯಿಯೋ ಅಂತ ನಾನು ಯಾವತ್ತೂ ಕೇಳಿಲ್ಲ.

ಹೋದ ವರ್ಷ ತರಗತಿಯಲ್ಲಿ ಸಾಸಿವೆ ಕಾಳಿನ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಹೇಳುತ್ತಿದ್ದೆ. ಅದು ಎಲ್ಲ ಬೀಜಗಳಿಗಿಂತ ಚಿಕ್ಕದು ಅಂತ ಬೈಬಲ್‌ನ ಮತ್ತಾಯನ ಪುಸ್ತಕದ 13ನೇ ಅಧ್ಯಾಯದಲ್ಲಿದೆ. ಒಬ್ಬಳು ಹುಡುಗಿ ಕೈ ಎತ್ತಿದಳು. "ಟೀಚರ್, ಗಸಗಸೆ ಇನ್ನೂ ಚಿಕ್ಕದಲ್ವಾ?" ಮನೆಗೆ ಬಂದು ಎರಡನ್ನೂ ಅಂಗೈಮೇಲೆ ಹಾಕಿಕೊಂಡೆ. ಸಾಸಿವೆ ಉರುಳಿ ಬಿತ್ತು. ಗಸಗಸೆ ಕೈಗೆರೆಯೊಳಗೆ ಕೂತುಬಿಟ್ಟಿತು. ಹುಡುಗಿ ಹೇಳಿದ್ದೇ ಸರಿ. ಆದರೆ ಯೇಸು ಅಲ್ಲಿ ಬೀಜದ ಪಾಠ ಮಾಡುತ್ತಿರಲಿಲ್ಲ. ನಾವೂ "ಸಾಸಿವೆಯಷ್ಟು" ಅನ್ನುವಾಗ ಗಸಗಸೆ ತಂದು ಹೋಲಿಸಿ ನೋಡುತ್ತೇವಾ?

ಲೋಕ ಆದ ಕಥೆ ಇರುವ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡಕ್ಕೆ ಬಂದರೆ, ಮೊದಲ ದಿನ ಬೆಳಕು, ಸೂರ್ಯ ಬರುವುದು ನಾಲ್ಕನೇ ದಿನ. ಡಾರ್ವಿನ್ ಬಂದ ಮೇಲೆ ನಾವು ಮಾತು ತಿರುಗಿಸಿದೆವು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆದರೆ 3ನೇ ಶತಮಾನದಲ್ಲೇ ಒರಿಜೆನ್ ಅನ್ನುವ ಕ್ರೈಸ್ತ ಪಂಡಿತ ಕೇಳಿದ್ದ, ಸೂರ್ಯನೇ ಇಲ್ಲದೆ ಮೂರು ದಿನ ಬೆಳಗು, ಬೈಗು ಹೇಗೆ ಆದವು ಅಂತ. 5ನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟೀನ್ ಇನ್ನೂ ಖಾರವಾಗಿ ಬರೆದರು: ಸೂರ್ಯ ಚಂದ್ರರ ವಿಷಯ ಚೆನ್ನಾಗಿ ಬಲ್ಲವರ ಮುಂದೆ ಕ್ರೈಸ್ತನೊಬ್ಬ ಬೈಬಲ್ ಹಿಡಿದು ತಪ್ಪುತಪ್ಪಾಗಿ ಮಾತಾಡಿದರೆ, ಪುನರುತ್ಥಾನದ ಬಗ್ಗೆ ಅದೇ ಬೈಬಲ್ ಹೇಳುವುದನ್ನು ಅವರು ಹೇಗೆ ನಂಬಿಯಾರು?

ಹಾಗಂತ ಎಲ್ಲವೂ ಸಂಕೇತ ಅನ್ನುವವರ ಜೊತೆಗೂ ನಾನಿಲ್ಲ. ದಾರಿಯಲ್ಲಿ ಬಿದ್ದವನನ್ನು ಛತ್ರಕ್ಕೆ ಒಯ್ದು ಕಾಪಾಡಿದ ಒಳ್ಳೆಯ ಸಮಾರಿಯನ ಕಥೆಯಲ್ಲಿ ಛತ್ರ ಅಂದರೆ ಧರ್ಮಸಭೆ (ಚರ್ಚ್), ಛತ್ರದವನು ಅಂದರೆ ಸಂತ ಪೌಲ ಅಂತ ಇದೇ ಅಗಸ್ಟೀನ್ ಅರ್ಥ ಹೇಳಿದ್ದಾರೆ. ನನಗದು ಗಂಟಲಲ್ಲಿ ಇಳಿಯುವುದಿಲ್ಲ. ದಾರಿಯಲ್ಲಿ ಏಟು ತಿಂದು ಬಿದ್ದವನೇ ಮರೆತುಹೋಗುತ್ತಾನೆ.

ಇನ್ನು ದೊಡ್ಡ ಜಗಳ 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ನಡೆಯಿತು. ಕಡೆಯ ಊಟದಲ್ಲಿ ಯೇಸು ರೊಟ್ಟಿ ಹಿಡಿದು ಹೇಳಿದ "ಇದು ನನ್ನ ಶರೀರ" ಅನ್ನುವ ಮಾತನ್ನು ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಸೀಮೆಸುಣ್ಣದಲ್ಲಿ ಲ್ಯಾಟಿನ್‌ನಲ್ಲೇ ಮೇಜಿನ ಮೇಲೆ ಬರೆದಿಟ್ಟುಕೊಂಡು ಕೂತರು. ಅಲ್ಲಿರುವ 'ಎಸ್ಟ್' (ಆಗಿದೆ) ಅನ್ನುವ ಪದಕ್ಕೆ 'ಸೂಚಿಸುತ್ತದೆ' ಅಂತ ಅರ್ಥ ಅಂದರು ಇನ್ನೊಬ್ಬ ಸುಧಾರಕ ಜ್ವಿಂಗ್ಲಿ. ರಾಜಿ ಆಗಲೇ ಇಲ್ಲ. ನನಗೆ ತಮಾಷೆ ಅನ್ನಿಸುವುದು ಏನೆಂದರೆ, ಕನ್ನಡದ "ಇದು ನನ್ನ ಶರೀರ"ದಲ್ಲಿ ಆ ಪದವೇ ಇಲ್ಲ! ಇವರು ಕನ್ನಡದಲ್ಲಿ ಜಗಳ ಆಡಿದ್ದರೆ ಯಾವ ಪದ ಹಿಡಿದು ಎಳೆದಾಡುತ್ತಿದ್ದರೋ.

ಕಥೋಲಿಕಳಾದ ನಾನು ಆ ಮಾತನ್ನು ಬರೀ ಸಂಕೇತ ಅಂದುಕೊಳ್ಳುವುದಿಲ್ಲ. ಆರು ದಿನವನ್ನು ಮಾತ್ರ ಗಡಿಯಾರದ ದಿನ ಅಂದುಕೊಳ್ಳುವುದಿಲ್ಲ. "ನಿಮಗೆ ಬೇಕಾದ ಹಾಗೆ ಆರಿಸ್ಕೊಳ್ತೀರಿ" ಅನ್ನುತ್ತಾರೆ ಅಕ್ಕ. ಅದರಲ್ಲಿ ಸ್ವಲ್ಪ ಸತ್ಯ ಇರಬಹುದು. ಆದರೆ ಪದ್ಯವನ್ನು ಪದ್ಯದ ಹಾಗೆ, ಪತ್ರವನ್ನು ಪತ್ರದ ಹಾಗೆ ಓದಬೇಕಲ್ವಾ? 1965ರಲ್ಲಿ ನಮ್ಮ ಕಥೋಲಿಕ ಧರ್ಮಸಭೆಯ ವ್ಯಾಟಿಕನ್ ಮಹಾಸಭೆಯೂ ಬರವಣಿಗೆಯ ಬಗೆ ನೋಡಿಕೊಂಡು ಓದಿ ಅಂತಲೇ ಹೇಳಿತು. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಕಥೆ ಹೇಳುತ್ತಿಲ್ಲ. ಕ್ರಿಸ್ತ ಎದ್ದು ಬರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ನೇರವಾಗಿ ಬರೆಯುತ್ತಾನೆ. ಅದನ್ನು ನಂಬ್ತೀಯಾ ಅಂತ ಕೇಳಿದರೆ ಹೌದು ಅನ್ನುತ್ತೇನೆ. ಅದನ್ನೇ ಕೇಳಿ ಅಂತ ಅಕ್ಕನಿಗೆ ಹೇಳಿಯೂ ಆಯ್ತು. ಅವರು ಇನ್ನೂ ಆರು ದಿನದಲ್ಲೇ ಇದ್ದಾರೆ.