ವಿವಿಯನ್ ಥಾಮಸ್ ಮತ್ತು ನಮ್ಮ ಥಿಯೇಟರಿನ ಕೆಲಸ

ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಥಿಯೇಟರಿನಲ್ಲಿ ಹಿರಿಯ ತಂತ್ರಜ್ಞೆಯಾಗಿರುವ ನಾನು, ಹೊಸದಾಗಿ ಸೇರಿದವರಿಗೆ ಬಿ.ಟಿ. (ಬ್ಲಾಲಾಕ್-ಟೌಸಿಗ್) ಷಂಟ್‌ಗೆ ಉಪಕರಣ ಜೋಡಿಸುವುದನ್ನು ಕಲಿಸುವಾಗ ವಿವಿಯನ್ ಥಾಮಸ್ ಅವರ ವಿಷಯವನ್ನೂ ತಪ್ಪದೆ ಹೇಳುತ್ತೇನೆ. ತೋಳಿಗೆ ಹೋಗುವ ಅಪಧಮನಿಯಿಂದ ಶ್ವಾಸಕೋಶದ ಅಪಧಮನಿಗೆ ರಕ್ತ ಹರಿಯುವಂತೆ ಮಾಡಿ, ಆಮ್ಲಜನಕ ಸಾಲದೆ ನೀಲಿಗಟ್ಟಿದ ಮಗುವಿಗೆ ಉಸಿರು ಕೊಡುವ ಈ ಶಸ್ತ್ರಚಿಕಿತ್ಸೆಗೆ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ಮತ್ತು ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟೌಸಿಗ್ ಅವರ ಹೆಸರಿದೆ. ಅದನ್ನು ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಮತ್ತೆ ಮತ್ತೆ ಮಾಡಿ ಸಾಧ್ಯವಾಗಿಸಿದವರು ಕಪ್ಪುವರ್ಣೀಯ ತಂತ್ರಜ್ಞರಾದ ಥಾಮಸ್.

ಬಡಗಿಯಾಗಿದ್ದ ಅವರು 1930ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಬ್ಲಾಲಾಕ್ ಅವರ ಪ್ರಯೋಗಾಲಯ ಸೇರಿದರು. ವೈದ್ಯರಾಗಬೇಕೆಂದು ಕೂಡಿಟ್ಟ ಹಣ ಬ್ಯಾಂಕ್ ಮುಳುಗಿದ್ದರಿಂದ ಕೈತಪ್ಪಿತು. ಸಂಶೋಧಕರ ಕೆಲಸವನ್ನು ಮಾಡುತ್ತಿದ್ದರೂ ಅವರ ಹುದ್ದೆಯೂ ಸಂಬಳವೂ ಕಸಗುಡಿಸುವವರ ದರ್ಜೆಯಲ್ಲಿದ್ದವು. 1944ರ ನವೆಂಬರ್ 29ರಂದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಐಲೀನ್ ಸ್ಯಾಕ್ಸನ್ ಎಂಬ ಕೂಸಿನ ಎದೆ ತೆರೆದಾಗ, ಥಾಮಸ್ ಅವರು ಬ್ಲಾಲಾಕ್ ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು, ಹೊಲಿಗೆ ಹಾಕುವ ಬಗೆಯನ್ನು ಹಂತಹಂತವಾಗಿ ಹೇಳಿದರು. ಆದರೆ ಈ ಶಸ್ತ್ರಚಿಕಿತ್ಸೆಯ ಕುರಿತ 1945ರ ಪ್ರಬಂಧ ಪ್ರಕಟವಾದದ್ದು ಉಳಿದಿಬ್ಬರ ಹೆಸರಿನಲ್ಲಿ. ಸಂಬಳ ಸಾಲದೆ ಅವರು ಬ್ಲಾಲಾಕ್ ಅವರ ಔತಣಕೂಟಗಳಲ್ಲಿ ಪಾನೀಯ ಹಂಚುತ್ತಿದ್ದರು. ಹಗಲು ಥಾಮಸ್ ಅವರಿಂದಲೇ ಕೈಚಳಕ ಕಲಿತ ಶಸ್ತ್ರವೈದ್ಯರೂ ಅಲ್ಲಿ ಅತಿಥಿಗಳಾಗಿರುತ್ತಿದ್ದರು. ಈ ಒಂದು ಸಂಗತಿಯನ್ನು ಹೇಳುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಪದವಿ ಇಲ್ಲದಿದ್ದರೂ ತಾಳ್ಮೆಯಿಂದ ಮೇಲೆ ಬರಬಹುದು ಎಂಬುದಕ್ಕೆ ಈ ಬದುಕನ್ನು ಉದಾಹರಣೆಯಾಗಿ ಕೊಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅವರಿಗೆ ಪದವಿ ಬೇಕಾಗಿತ್ತು, ನ್ಯಾಯವಾದ ಸಂಬಳವೂ ಬೇಕಾಗಿತ್ತು. ಹಾಪ್ಕಿನ್ಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ, ಅಂದರೆ ಆ ಶಸ್ತ್ರಚಿಕಿತ್ಸೆಯಾಗಿ 32 ವರ್ಷಗಳ ನಂತರ. ಈಗ ಅನೇಕರು ಅದನ್ನು ಬ್ಲಾಲಾಕ್-ಥಾಮಸ್-ಟೌಸಿಗ್ ಷಂಟ್ ಎಂದು ಬರೆಯುತ್ತಾರೆ.

ನಮ್ಮ ವಿಭಾಗದಲ್ಲಿ ವರ್ಣಭೇದದ ಕಾನೂನಿಲ್ಲ, ನಮ್ಮ ಪಾಡನ್ನು ಅವರ ಪಾಡಿಗೆ ಹೋಲಿಸುವುದು ತಪ್ಪಾಗುತ್ತದೆ. ಆದರೂ ಮಾಡುವ ಕೆಲಸ ಒಂದು, ಕಡತದಲ್ಲಿರುವ ಹುದ್ದೆ ಇನ್ನೊಂದು ಆಗುವುದನ್ನು ನಾನು ಇಲ್ಲಿಯೂ ಕಂಡಿದ್ದೇನೆ. ಆದ್ದರಿಂದ ವಾರ್ಷಿಕ ಮೌಲ್ಯಮಾಪನದಲ್ಲಿ "ಸಹಾಯ ಮಾಡಿದರು" ಎಂದು ಬರೆದು ಮುಗಿಸದೆ, ಯಾವ ಕಿರಿಯ ವೈದ್ಯರಿಗೆ ಯಾವ ತಂತ್ರಜ್ಞರು ಏನನ್ನು ಕಲಿಸಿದರು, ಯಾವ ಉಪಕರಣವನ್ನು ಮಗುವಿನ ಅಳತೆಗೆ ಹೊಂದಿಸಿದರು ಎಂಬುದನ್ನು ಹೆಸರು ಸಹಿತ ದಾಖಲಿಸುತ್ತೇನೆ, ಸಂಬಳದ ಶ್ರೇಣಿ ನಿರ್ಧರಿಸುವ ಸಭೆಯಲ್ಲಿ ಆ ಹಾಳೆಯನ್ನೇ ಮುಂದಿಡುತ್ತೇನೆ.