ಫ್ಲೂಗಲ್‌ಹಾರ್ನ್ ನುಡಿಸೋರಲ್ಲಿ ನಂಗೆ ತೀರಾ ಹತ್ರ ಆದೋರು

ಟ್ರಂಪೆಟ್ ನುಡಿಸೋ ಸ್ನೇಹಿತ ಒಬ್ಬ ಒಂದ್ಸಲ ಸಣ್ಣ ರೂಮಲ್ಲಿ ಕೂತ್ಕೊಂಡು ಒಂದೇ ಸಾಲನ್ನ, ಬರೀ ನಾಲ್ಕೈದು ಸ್ವರ ಅಷ್ಟೇ, ಮೊದ್ಲು ಟ್ರಂಪೆಟ್ಟಲ್ಲಿ ಆಮೇಲೆ ಅದೇ ಜಾತಿಯ ಇನ್ನೊಂದು ಊದೋ ವಾದ್ಯ ಫ್ಲೂಗಲ್‌ಹಾರ್ನಲ್ಲಿ ನುಡಿಸಿ ತೋರ್ಸಿದ್ದ. ಟ್ರಂಪೆಟ್ ದನಿ ನೆಟ್ಟಗೆ ಹೋಗಿ ಎದುರುಗಡೆ ಗೋಡೆಗೆ ಬಡಿದು ವಾಪಸ್ ಬಂತು, ಎಲ್ಲಿಂದ ಹೊರಟು ಎಲ್ಲಿಗೆ ಮುಟ್ತು ಅಂತ ಬೆರಳಿಟ್ಟು ತೋರಿಸ್ಬೋದಿತ್ತು. ಫ್ಲೂಗಲ್‌ಹಾರ್ನ್ ಎತ್ಕೊಂಡು ಅದೇ ಸ್ವರ ನುಡಿಸಿದಾಗ ದನಿ ಯಾವ ಕಡೆಯಿಂದ ಬರ್ತಿದೆ ಅಂತಾನೇ ಗೊತ್ತಾಗ್ಲಿಲ್ಲ, ಸುಮ್ನೆ ರೂಮ್ ತುಂಬ್ಕೊಂಡ್ತು, ಪಕ್ಕದಲ್ಲೇ ಯಾರೋ ಬಾಯಿ ಮುಚ್ಕೊಂಡು ಗುನುಗಿದ ಹಾಗೆ. ಅವನು ನಿಲ್ಸಿದ ಮೇಲೂ ಒಂದರೆಕ್ಷಣ ಅದು ಅಲ್ಲೇ ಇತ್ತು. ಆವತ್ತಿಂದ ಈ ವಾದ್ಯದ ಹುಚ್ಚು ಹಿಡಿದಿದ್ದು ಇನ್ನೂ ಬಿಟ್ಟಿಲ್ಲ.

ಎರಡೂ ಬಿ ಫ್ಲಾಟ್ ಶ್ರುತಿಯವೇ, ಬೆರಳು ಒತ್ತೋ ಕ್ರಮಾನೂ ಒಂದೇ, ಕೊಳವೆ ಉದ್ದಾನೂ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಒಳಗಡೆ. ಟ್ರಂಪೆಟ್ ಕೊಳವೆ ಬಹುದೂರದವರೆಗೆ ಒಂದೇ ಅಗಲ ಇದ್ದು ಕೊನೆ ಭಾಗದಲ್ಲಿ ಬಾಯಿ ಬಿಚ್ಚುತ್ತೆ, ಫ್ಲೂಗಲ್‌ಹಾರ್ನ್ ಮಾತ್ರ ಬೆರಳು ಒತ್ತೋ ವಾಲ್ವ್ ಇರೋ ಜಾಗ ಬಿಟ್ರೆ ಶುರುವಿಂದ ಬೆಲ್, ಅಂದ್ರೆ ಆ ಬಿಚ್ಚಿದ ಬಾಯಿವರೆಗೂ ಸ್ವಲ್ಪ ಸ್ವಲ್ಪಾನೇ ಅಗಲ ಆಗ್ತಾ ಹೋಗುತ್ತೆ. ತುಟಿ ಇಟ್ಟು ಊದೋ ಮೌತ್‌ಪೀಸ್ ಕೂಡ ಬಟ್ಟಲಿನ ಥರ ಇರಲ್ಲ, ಆಲಿಕೆ ಥರ ಆಳವಾಗಿ ಇಳಿದಿರುತ್ತೆ. ಇದ್ರಿಂದ ದನಿಯಲ್ಲಿರೋ ಚೂಪು ಅಂಶ, ಆ ಮಿಂಚೋ ಮೇಲಿನ ಉಪಸ್ವರಗಳೆಲ್ಲ ತಗ್ಗಿ ಹೋಗಿ ದುಂಡಗಿನ, ಕಂದು ಬಣ್ಣದ ಅಂತ ಹೇಳ್ಬೋದಾದಂಥ ದನಿ ಉಳ್ಕೊಳ್ಳುತ್ತೆ. ಇನ್ನೊಂದು ಚಿಕ್ಕ ವಿಷ್ಯ ನಂಗೆ ಬಹಳ ಇಷ್ಟ: ಕೊಳವೆ ಉದ್ದಕ್ಕೂ ಅಗಲ ಆಗ್ತಾ ಹೋಗೋದ್ರಿಂದ ಟ್ರಂಪೆಟ್ ಥರ ಮಧ್ಯದ ತಿರುವನ್ನ ಹೊರಗೆ ಎಳೆದು ಶ್ರುತಿ ಮಾಡೋಕಾಗಲ್ಲ, ಮೌತ್‌ಪೀಸ್ ಕೂರೋ ಮೊದಲ ತುಂಡನ್ನೇ ಒಳಗೆ ಹೊರಗೆ ಸರಿಸ್ಬೇಕು. ಉಸಿರು ಎಲ್ಲಿ ಒಳಗೆ ಹೋಗುತ್ತೋ ಅಲ್ಲೇ ಶ್ರುತಿ.

ಇದು ಸುಲಭದ ವಾದ್ಯ ಅಂತ ಅಂದ್ಕೊಂಡಿರೋರು ಬಹಳ ಜನ ಇದ್ದಾರೆ, ಯಾಕಂದ್ರೆ ಯಾರು ಊದಿದ್ರೂ ಒಂದು ಮಟ್ಟಕ್ಕೆ ಇಂಪಾಗಿ ಕೇಳ್ಸುತ್ತೆ. ನಂಗನ್ಸೋದು, ಕಷ್ಟ ಇರೋದೇ ಅಲ್ಲಿ. ಇಂಪು ವಾದ್ಯಾನೇ ಕೊಟ್ಬಿಡುತ್ತೆ, ಹಂಗಾಗಿ ನುಡಿಸೋನು ತನ್ನ ದನಿ ಅಂತ ಏನು ತರ್ತಾನೆ ಅನ್ನೋದೇ ಪ್ರಶ್ನೆ. ಮೇಲಿನ ಸ್ವರಗಳಲ್ಲಿ ಅದು ಟ್ರಂಪೆಟ್ ಥರ ಗಟ್ಟಿಯಾಗಿ ನಿಲ್ಲಲ್ಲ, ಕಾಲು ಜಾರೋ ನೆಲದ ಹಾಗೆ, ಸ್ವರ ಆಕಡೆ ಈಕಡೆ ವಾಲುತ್ತೆ, ಕಿವಿಯಲ್ಲೇ ಹಿಡ್ಕೊಂಡಿರ್ಬೇಕು. ನಂಗಿಷ್ಟ ಆದೋರೆಲ್ಲ ಇದೇ ಕಾರಣಕ್ಕೆ ಇಷ್ಟ, ಅವರ ಎರಡು ಸ್ವರ ಕೇಳಿದ್ರೆ ಸಾಕು ಇದು ಇಂಥೋರೇ ಅಂತ ಕಣ್ಮುಚ್ಕೊಂಡು ಹೇಳ್ಬೋದು.

ಕ್ಲಾರ್ಕ್ ಟೆರ್ರಿ ಇಂದಾನೇ ಶುರು ಮಾಡ್ಬೇಕು. 1936ರ ಹೊತ್ತಿಗೇ ವುಡಿ ಹರ್ಮನ್ ಬ್ಯಾಂಡಲ್ಲಿ ಜೋ ಬಿಷಪ್ ಫ್ಲೂಗಲ್‌ಹಾರ್ನ್ ನುಡಿಸ್ತಿದ್ರು, 50ರ ದಶಕದಲ್ಲಿ ಶಾರ್ಟಿ ರೋಜರ್ಸ್ ಕೂಡ, ಆದ್ರೆ ಜಾಝಲ್ಲಿ ಈ ವಾದ್ಯಕ್ಕೆ ಒಂದು ಸ್ವಂತ ಮಾತು ಕೊಟ್ಟಿದ್ದು ಟೆರ್ರಿ ಅನ್ನೋದು ನನ್ನ ಅಭಿಪ್ರಾಯ. 1920ರಲ್ಲಿ ಸೇಂಟ್ ಲೂಯಿಸಲ್ಲಿ ಹುಟ್ಟಿ, ಕೌಂಟ್ ಬೇಸಿ ಹತ್ರ ಇದ್ದು, 1951ರಿಂದ 59ರವರೆಗೆ ಡ್ಯೂಕ್ ಎಲಿಂಗ್ಟನ್ ಬ್ಯಾಂಡಲ್ಲಿದ್ರು. ಫ್ಲೂಗಲ್‌ಹಾರ್ನ್ ಅಂದ್ರೆ ನಿಧಾನದ, ದುಃಖದ ಹಾಡಿಗೆ ಅಂತ ಯಾರಾದ್ರೂ ಹೇಳಿದ್ರೆ ನಾನು ಅವರ ಕೈಗೆ ಮೊದ್ಲು ಕೊಡೋದು 1958ರ ಇನ್ ಆರ್ಬಿಟ್ ಆಲ್ಬಮ್. ಪಿಯಾನೋದಲ್ಲಿ ಥೆಲೋನಿಯಸ್ ಮಂಕ್, ಬಾಸಲ್ಲಿ ಸ್ಯಾಮ್ ಜೋನ್ಸ್, ಡ್ರಮ್ಸಲ್ಲಿ ಫಿಲಿ ಜೋ ಜೋನ್ಸ್, ಮುಂದೆ ನಿಂತಿರೋದು ಒಂದೇ ಒಂದು ಫ್ಲೂಗಲ್‌ಹಾರ್ನ್. ಅದು ನಗ್ತಾ ಇರುತ್ತೆ! ನಿಜವಾಗ್ಲೂ, ಸ್ವರಗಳ ಮಧ್ಯೆ ಮಧ್ಯೆ ನಕ್ಕೊಂಡು, ಮಾತಾಡ್ಕೊಂಡು, ಯಾರಿಗೋ ಕಥೆ ಹೇಳ್ತಾ ಹೇಳ್ತಾ ಮುಂದೆ ಓಡುತ್ತೆ. ನಾಲಿಗೆಯನ್ನ ಡೂಡಲ್ ಡೂಡಲ್ ಅಂತ ಆಡ್ಸಿ ಊದೋ ಪದ್ಧತಿ ಅವರದ್ದು, ಟ ಟ ಟ ಅಂತ ಕಡಿದು ಊದೋದಕ್ಕಿಂತ ಅದ್ರಲ್ಲಿ ವೇಗಾನೂ ಇರುತ್ತೆ, ಸ್ವರದ ಅಂಚು ಗಟ್ಟಿನೂ ಆಗಲ್ಲ, ಅದಕ್ಕೇ ಅವರ ಓಟದ ಸಾಲುಗಳು ಒಂದಕ್ಕೊಂದು ಅಂಟ್ಕೊಂಡೂ ಬಿಡಿಬಿಡಿಯಾಗೂ ಕೇಳ್ಸೋದು.

ವೇದಿಕೆ ಮೇಲೆ ಒಂದು ಕೈಯಲ್ಲಿ ಟ್ರಂಪೆಟ್, ಇನ್ನೊಂದು ಕೈಯಲ್ಲಿ ಫ್ಲೂಗಲ್‌ಹಾರ್ನ್ ಹಿಡ್ಕೊಂಡು ತನ್ನ ಜೊತೆ ತಾನೇ ಸಂವಾದ ಮಾಡ್ತಿದ್ರು. ಇದ್ರಿಂದ ಅದಕ್ಕೆ ಎರಡು ಸಾಲು, ಅದ್ರಿಂದ ಇದಕ್ಕೆ ಎರಡು ಸಾಲು. ಅದನ್ನ ಬರೀ ಚಮತ್ಕಾರ ಅಂತ ನೋಡ್ಬೇಡಿ, ಒಬ್ಬನೇ ಮನುಷ್ಯನ ಎರಡು ಮನಸ್ಸು ಎದುರುಬದುರು ಕೂತು ಮಾತಾಡಿದ ಹಾಗಿರುತ್ತೆ ಅದು, ಎರಡು ವಾದ್ಯದ ಸ್ವಭಾವ ಏನು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ತೋರ್ಸಿಲ್ಲ. ಕೊನೆಗಾಲದಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಕಾಲುಗಳನ್ನೂ ಕಳ್ಕೊಂಡ್ರೂ ಹಾಸಿಗೆ ಮೇಲಿಂದಾನೇ ಹುಡುಗರಿಗೆ ಪಾಠ ಹೇಳ್ತಿದ್ರು, 2014ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಜಸ್ಟಿನ್ ಕಾಫ್ಲಿನ್ ಅನ್ನೋ ಯುವ ಪಿಯಾನೋ ವಾದಕನಿಗೆ ರಾತ್ರಿ ಹೊತ್ತಲ್ಲಿ ಬಾಯಲ್ಲೇ ಸಾಲು ಹೇಳ್ಕೊಡ್ತಿರೋದು ಇದೆ. ಬಾಯಲ್ಲಿ ಹಾಡೋವಾಗ್ಲೂ ಅದೇ ದನಿ, ಅದೇ ಡೂಡಲ್. ನಂಗೆ ಕಣ್ಣು ತುಂಬ್ಕೊಂಡ್ತು.

ಸೇಂಟ್ ಲೂಯಿಸ್ ಕಡೆ ಟೆರ್ರಿನ ನೋಡ್ಕೊಂಡು ಬೆಳೆದ ಹುಡುಗರಲ್ಲಿ ಒಬ್ಬ, ಮುಂದೆ ಜಾಝ್ ಟ್ರಂಪೆಟ್ಟಲ್ಲಿ ದೊಡ್ಡ ಹೆಸರಾದ ಮೈಲ್ಸ್ ಡೇವಿಸ್. 1957ರ ಮೈಲ್ಸ್ ಅಹೆಡ್ ಆಲ್ಬಮಲ್ಲಿ ಗಿಲ್ ಇವಾನ್ಸ್ ಬರೆದ ದೊಡ್ಡ ವಾದ್ಯವೃಂದದ ಎದುರು ಮೈಲ್ಸ್ ಪೂರ್ತಿ ಫ್ಲೂಗಲ್‌ಹಾರ್ನೇ ನುಡಿಸಿದ್ದಾರೆ, ಸೋಲೋ ಎಲ್ಲ ಅವರದ್ದೊಂದೇ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗಿದ್ದೇ ಗೊತ್ತಾಗದ ಹಾಗೆ ಪೋಣಿಸಿದ್ದಾರೆ. ಅಲ್ಲಿ ಟೆರ್ರಿಯ ನಗು ಇಲ್ಲ, ಮೈಲ್ಸ್ ಒಬ್ರೇ ನಡ್ಕೊಂಡು ಹೋಗ್ತಿರ್ತಾರೆ. ಕೊಳಲು, ಫ್ರೆಂಚ್ ಹಾರ್ನ್, ಟ್ಯೂಬಾ ಎಲ್ಲ ಕೆಳಗಡೆ ಮೋಡದ ಥರ ಸರೀತಿದ್ರೆ ಮೇಲೆ ಆ ಒಂದು ದನಿ, ಕಂಪನ ಇಲ್ಲದೆ, ಅಲಂಕಾರ ಇಲ್ಲದೆ. ಮೈಲ್ಸ್ ಟ್ರಂಪೆಟ್ಟಿಗೆ ಮ್ಯೂಟ್, ಅಂದ್ರೆ ದನಿ ತಗ್ಗಿಸೋ ಮುಚ್ಚಳ ಹಾಕಿ ನುಡಿಸೋದನ್ನೇ ಜನ ಜಾಸ್ತಿ ಹೊಗಳ್ತಾರೆ, ನಂಗೆ ಮಾತ್ರ ಅವರು ಬಟಾಬಯಲಲ್ಲಿ ನಿಂತ ಹಾಗೆ ಅನ್ಸೋದು ಈ ಆಲ್ಬಮಲ್ಲೇ.

ಆರ್ಟ್ ಫಾರ್ಮರ್ ಬಗ್ಗೆ ಬರೆಯೋಕೆ ಕೂತ್ರೆ ದಿನ ಸಾಲಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅಂತೀವಲ್ಲ, ಅವರ ಸಾಲು ಹಾಗೆ ಬರುತ್ತೆ. ಬೆನ್ನಿ ಗೋಲ್ಸನ್ ಜೊತೆ ಜಾಝ್‌ಟೆಟ್ ಅನ್ನೋ ತಂಡ ನಡೆಸಿದ ಮೇಲೆ 60ರ ದಶಕದ ಶುರುವಲ್ಲಿ ಟ್ರಂಪೆಟ್ ಪಕ್ಕಕ್ಕಿಟ್ಟು ಫ್ಲೂಗಲ್‌ಹಾರ್ನನ್ನೇ ಮುಖ್ಯ ವಾದ್ಯ ಮಾಡ್ಕೊಂಡ್ರು, ಗಿಟಾರಲ್ಲಿ ಜಿಮ್ ಹಾಲ್ ಸೇರ್ಕೊಂಡ್ರು, ಬಾಸಲ್ಲಿ ಸ್ಟೀವ್ ಸ್ವಾಲೋ, ಪಿಯಾನೋ ಇಲ್ಲವೇ ಇಲ್ಲ. ಪಿಯಾನೋ ಇಲ್ದಿದ್ರೆ ಏನಾಗುತ್ತೆ ಅಂದ್ರೆ ಎಲ್ಲರ ಸುತ್ತಾನೂ ಗಾಳಿಯಾಡೋಕೆ ಜಾಗ ಇರುತ್ತೆ, ಫಾರ್ಮರ್ ಒಂದು ಸಾಲು ಹೇಳಿ ಸುಮ್ನಾದ್ರೆ ಆ ಸುಮ್ಮನಿರೋದೂ ಕೇಳ್ಸುತ್ತೆ. 1964ರಲ್ಲಿ ಇದೇ ತಂಡ ಸ್ವೀಡನ್ನಿನ ಜನಪದ ಹಾಡುಗಳನ್ನ ಸ್ಟಾಕ್‌ಹೋಮಲ್ಲಿ ರೆಕಾರ್ಡ್ ಮಾಡ್ತು, ಡ್ರಮ್ಸಲ್ಲಿ ಪೀಟ್ ಲಾ ರೋಕಾ. ನನ್ನ ಪ್ರಕಾರ ಫ್ಲೂಗಲ್‌ಹಾರ್ನಿಗೆ ಹೇಳಿ ಮಾಡಿಸಿದ ರೆಕಾರ್ಡಿಂಗ್ ಅದು. ಹಾಡಿನ ಮೊದಲ ಸುತ್ತನ್ನ ಏನೂ ಸೇರಿಸ್ದೆ, ತನ್ನ ಜಾಣತನ ತೋರಿಸ್ದೆ, ಇದ್ದದ್ದನ್ನ ಇದ್ದ ಹಾಗೆ ನುಡಿಸ್ತಾರೆ, ಆ ಹಾಡುಗಳನ್ನ ಎಷ್ಟೋ ತಲೆಮಾರು ಹಾಡ್ಕೊಂಡು ಬಂದಿರೋ ಜನರ ಮುಂದೆ ವಿನಯವಾಗಿ ನಿಂತ ಹಾಗೆ.

ಫಾರ್ಮರ್ ಸೋಲೋ ಕೇಳೋವಾಗ ನಾನು ಗಮನಿಸೋದು ಸಾಲಿನ ಕೊನೆ. ತುಂಬಾ ಜನ ಸಾಲು ಶುರು ಮಾಡೋದ್ರಲ್ಲಿ ಶೂರರು, ಮುಗಿಸೋಕೆ ಬರಲ್ಲ, ಉಸಿರು ಮುಗೀತು ಅಂತ ನಿಲ್ಲಿಸ್ತಾರೆ. ಇವರು ಕೊನೇ ಸ್ವರವನ್ನ ಕೆಳಗಿಡ್ತಾರೆ, ಮಲಗಿರೋ ಮಗು ಪಕ್ಕ ಏನಾದ್ರೂ ಇಡ್ಬೇಕಾದ್ರೆ ಹೇಗೆ ಸದ್ದಾಗ್ದಂಗೆ ಇಡ್ತೀವೋ ಹಾಗೆ. 1968ರಲ್ಲಿ ವಿಯೆನ್ನಾಗೆ ಹೋಗಿ ನೆಲೆಸಿದ್ರು, ಆಮೇಲೆ ಡೇವಿಡ್ ಮೊನೆಟ್ ಅನ್ನೋ ವಾದ್ಯ ತಯಾರಕರು ಅವರಿಗೋಸ್ಕರ ಟ್ರಂಪೆಟ್ಟು ಫ್ಲೂಗಲ್‌ಹಾರ್ನು ಎರಡರ ಗುಣಾನೂ ಸೇರ್ಸಿ ಫ್ಲಂಪೆಟ್ ಅಂತಾನೇ ಒಂದು ವಾದ್ಯ ಮಾಡಿಕೊಟ್ರು. ಅದು ಚೆನ್ನಾಗಿದೆ, ಆದ್ರೂ ನಂಗೆ 60ರ ದಶಕದ ಆ ದನಿಯೇ ಬೇಕು.

ಚಕ್ ಮ್ಯಾಂಜಿಯೋನಿ ಹೆಸರು ಹೇಳಿದ್ರೆ ಜಾಝ್ ಪಂಡಿತರು ಕೆಲವರು ಮೂಗು ಮುರೀತಾರೆ, ನಂಗೆ ಅದು ಸರಿ ಅನ್ಸಲ್ಲ. ಆರ್ಟ್ ಬ್ಲೇಕಿಯ ಜಾಝ್ ಮೆಸೆಂಜರ್ಸ್ ತಂಡದಲ್ಲಿ ಪಳಗಿ ಬಂದ ಮನುಷ್ಯ ಅವರು. 1977ರ ಫೀಲ್ಸ್ ಸೋ ಗುಡ್ ಮುಂದಿನ ವರ್ಷ ಅಮೆರಿಕಾದ ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯ್ತು, ಮಾತೇ ಇಲ್ಲದ, ಬರೀ ಫ್ಲೂಗಲ್‌ಹಾರ್ನ್ ಹಾಡೋ ಒಂದು ಹಾಡು! ರೇಡಿಯೋದಲ್ಲಿ ಬರೋದು ಕತ್ತರಿಸಿದ್ದು, ಆಲ್ಬಮಲ್ಲಿರೋ ಒಂಬತ್ತು ನಿಮಿಷದ ಪೂರ್ತಿ ಹಾಡು ಕೇಳಿ, ಶುರುವಲ್ಲಿ ಆ ರಾಗವನ್ನ ನಿಧಾನಕ್ಕೆ ಬಿಚ್ಚೋ ಜಾಗ ಇದ್ಯಲ್ಲ, ಅಲ್ಲಿ ಅವರ ದನಿ ಎಷ್ಟು ಶುದ್ಧ ಅಂತ ಗೊತ್ತಾಗುತ್ತೆ. 2025ರ ಜುಲೈಯಲ್ಲಿ ತೀರ್ಕೊಂಡ್ರು ಅಂತ ಓದಿದ ದಿನ ಅದನ್ನೇ ಎರಡು ಸಲ ಹಾಕ್ಕೊಂಡು ಕೇಳ್ದೆ.

ಫ್ರೆಡ್ಡಿ ಹಬರ್ಡ್ ಕೈಗೆ ಈ ವಾದ್ಯ ಬಂದ್ರೆ ಒಳಗಡೆ ಬೆಂಕಿ ಇಟ್ಟು ಮೇಲೆ ಮುಚ್ಚಳ ಮುಚ್ಚಿದ ಹಾಗೆ, 1971ರ ಫಸ್ಟ್ ಲೈಟ್ ಕೇಳಿದ್ರೆ ನಾನು ಹೇಳಿದ್ದು ಅರ್ಥ ಆಗುತ್ತೆ. ರಾಯ್ ಹಾರ್ಗ್ರೋವ್ ವೇಗದ ಹಾಡೆಲ್ಲ ಟ್ರಂಪೆಟ್ಟಲ್ಲಿ ಉರಿಸಿ, ನಿಧಾನದ ಹಾಡಿಗೆ ಫ್ಲೂಗಲ್‌ಹಾರ್ನ್ ಎತ್ಕೊಂಡ್ರೆ ಪ್ರೇಕ್ಷಕರು ಕೆಮ್ಮೋಕೂ ಹೆದರ್ತಾರೇನೋ ಅನ್ನೋ ಥರ ನಿಶ್ಶಬ್ದ. 49ನೇ ವಯಸ್ಸಿಗೇ 2018ರಲ್ಲಿ ಹೋಗ್ಬಿಟ್ರು, ಇನ್ನೂ ಎಷ್ಟು ಇತ್ತೋ ಅವರೊಳಗೆ. ಟಾಮ್ ಹ್ಯಾರೆಲ್ ಅಂತೂ ವೇದಿಕೆ ಮೇಲೆ ತಲೆ ತಗ್ಗಿಸ್ಕೊಂಡು ಅಲುಗಾಡ್ದೆ ನಿಂತಿರ್ತಾರೆ, ತಮ್ಮ ಸರದಿ ಬಂದಾಗ ಹಾರ್ನ್ ಎತ್ತಿ ಬಾಯಿಗಿಟ್ರೆ ಬರೋ ಮೊದಲ ಸ್ವರದಲ್ಲೇ ಎಲ್ಲ ಹೇಳಿ ಮುಗಿಸಿದ ಹಾಗಿರುತ್ತೆ.

ಒಬ್ಬರನ್ನೇ ಆರಿಸ್ಬೇಕು ಅಂದ್ರೆ ಕೆನ್ನಿ ವೀಲರ್. ಟೊರೊಂಟೋದಲ್ಲಿ 1930ರಲ್ಲಿ ಹುಟ್ಟಿ 1952ರಲ್ಲಿ ಲಂಡನ್ನಿಗೆ ಹೋದೋರು ಅಲ್ಲೇ ಉಳ್ಕೊಂಡ್ರು. ಬಹಳ ನಾಚಿಕೆ ಸ್ವಭಾವದ ಮನುಷ್ಯ, ತನ್ನ ಬಗ್ಗೆ ಮಾತಾಡೋದೇ ಇಷ್ಟ ಇರ್ಲಿಲ್ಲ, ಆದ್ರೆ ಸೋಲೋದಲ್ಲಿ ಅವರು ಎಗರೋ ಎಗರು ನೋಡ್ಬೇಕು. ಫ್ಲೂಗಲ್‌ಹಾರ್ನ್ ಮೇಲಿನ ಸ್ವರದಲ್ಲಿ ಜಾರುತ್ತೆ ಅಂದ್ನಲ್ಲ, ವೀಲರ್ ಹೋಗೋದೇ ಅಲ್ಲಿಗೆ, ಕೆಳಗಡೆ ಎಲ್ಲೋ ಇದ್ದ ಸಾಲು ಹಠಾತ್ತನೆ ಎರಡು ಮೂರು ಮೆಟ್ಟಿಲು ಬಿಟ್ಟು ಮೇಲಕ್ಕೆ ಹಾರಿ, ಅಲ್ಲಿ ಗಂಟಲು ಬಿಗಿದ ಹಾಗೆ ಒಂದು ಕೂಗು ಬರುತ್ತೆ, ಸ್ವರದ ಅಂಚು ಸೀಳೋ ಹಾಗಿರುತ್ತೆ, ಸೀಳಲ್ಲ. 1975ರಲ್ಲಿ ಇಸಿಎಮ್ ಅನ್ನೋ ರೆಕಾರ್ಡ್ ಕಂಪನಿಗೆ ಮಾಡಿದ ನೂ ಹೈ ಆಲ್ಬಮಲ್ಲಿ ಕೀತ್ ಜಾರೆಟ್, ಡೇವ್ ಹಾಲೆಂಡ್, ಜ್ಯಾಕ್ ಡಿಜಾನೆಟ್ ಜೊತೆಗಿದ್ದಾರೆ, ಮೊದಲ ಬದಿ ಪೂರ್ತಿ ಒಂದೇ ಹಾಡು, ಇಪ್ಪತ್ತು ನಿಮಿಷಕ್ಕೂ ಮೇಲೆ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ದೀಪ ಆರ್ಸಿ ಕೇಳ್ತೀನಿ. ಅವರ ರಾಗಗಳಲ್ಲಿ ಖುಷಿ ಮತ್ತು ಸಂಕಟ ಬೇರೆ ಬೇರೆ ಮಾಡೋಕೇ ಆಗಲ್ಲ.

1996ರಲ್ಲಿ ರೆಕಾರ್ಡ್ ಮಾಡಿದ ಏಂಜಲ್ ಸಾಂಗ್ ಕೂಡ ಬಿಡ್ಬೇಡಿ, ಅದ್ರಲ್ಲಿ ಡ್ರಮ್ಸೇ ಇಲ್ಲ, ಲೀ ಕೊನಿಟ್ಜ್ ಸ್ಯಾಕ್ಸ್, ಬಿಲ್ ಫ್ರಿಸೆಲ್ ಗಿಟಾರ್, ಹಾಲೆಂಡ್ ಬಾಸ್, ಇವರ ಹಾರ್ನ್.

ವೀಲರ್ ಕೊನೆಯದಾಗಿ ರೆಕಾರ್ಡ್ ಮಾಡಿದ್ದು 2013ರ ಡಿಸೆಂಬರಲ್ಲಿ, ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ. 83 ವರ್ಷ. ಟ್ರಂಪೆಟ್ ಮುಟ್ಲಿಲ್ಲ, ಫ್ಲೂಗಲ್‌ಹಾರ್ನ್ ಮಾತ್ರ. ಮುಂದಿನ ಸೆಪ್ಟೆಂಬರಲ್ಲಿ ತೀರ್ಕೊಂಡ್ರು, ಆಲ್ಬಮ್ ಹೊರಗೆ ಬಂದಿದ್ದು 2015ರಲ್ಲಿ. ಆ ಹಳೇ ಎಗರು ಅಲ್ಲಿ ಇಲ್ಲ. ಸಾಲುಗಳು ಚಿಕ್ಕದಾಗಿವೆ, ಒಂದೊಂದ್ಸಲ ಸ್ವರಕ್ಕಿಂತ ಮುಂಚೆ ಉಸಿರೇ ಕೇಳ್ಸುತ್ತೆ, ಗಾಳಿ ಕೊಳವೆ ಒಳಗೆ ಹೋಗಿ ಇನ್ನೂ ದನಿ ಆಗಿರಲ್ಲ, ಆಮೇಲೆ ಮೆಲ್ಲಗೆ ದನಿ ಹಿಡ್ಕೊಳ್ಳುತ್ತೆ. ಅಲ್ಲೊಂದು ಇಲ್ಲೊಂದು ಕಡೆ ಮೇಲಕ್ಕೆ ಹೋಗೋಕೆ ನೋಡ್ತಾರೆ, ಅರ್ಧಕ್ಕೆ ಹೋಗಿ ಅಲ್ಲೇ ಒಂದು ಸ್ವರ ಹಿಡಿದು ನಿಲ್ತಾರೆ, ಆ ಸ್ವರ ಸ್ವಲ್ಪ ನಡುಗುತ್ತೆ. ಆದ್ರೂ ಅದು ವೀಲರ್ ಅಂತ ತಕ್ಷಣ ಗೊತ್ತಾಗುತ್ತೆ.